ಆರತಿ ತಟ್ಟೆಯಲ್ಲಿ ನಾಲ್ಕು ಬೋನಸ್ ಕಾರ್ಡು

ಕಲಬುರಗಿಯ ಜೇವರ್ಗಿ ಕಾಲೋನಿಯ ದತ್ತಪ್ಪನ ಮನೆಯಲ್ಲಿ ಪೂರಾ ಬೆಲೆ ಕೊಟ್ಟು ತಂದ ಸಾಮಾನು ಹುಡುಕಿದರೂ ಸಿಗುತ್ತಿರಲಿಲ್ಲ. ಕುಕ್ಕರು ಹಳೆಯದನ್ನು ಕೊಟ್ಟು ತಂದದ್ದು, ಗೋಡೆಯ ಗಡಿಯಾರ ಬಣ್ಣದ ಡಬ್ಬಿಯ ಜೊತೆ ಬಂದದ್ದು, ಬಚ್ಚಲಿನ ಬಕೆಟ್ಟು ಸೋಪಿನ ಪುಡಿಯ ಬೆನ್ನಿಗೆ ಕಟ್ಟಿಸಿಕೊಂಡು ಬಂದದ್ದು. ಚಹಾದ ಆರು ಕಪ್ಪುಗಳಲ್ಲಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆರೂ ಬೇರೆ ಬೇರೆ ಚಹಾಪುಡಿಯ ಜೊತೆ ಪುಕ್ಕಟೆ ಬಂದವು. ಮನೆಗೆ ಬಂದವರಿಗೆ ಚಹಾ ಕೊಡುವಾಗ ದತ್ತಪ್ಪ ಆ ಕಪ್ಪು ಹೇಗೆ ಬಂತೆಂಬುದನ್ನೂ ಹೇಳಿಯೇ ಕೊಡುತ್ತಿದ್ದ. ಕೇಳುವಷ್ಟರಲ್ಲಿ ಚಹಾ ಆರಿರುತ್ತಿತ್ತು.

ಆತ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಿದ್ದ. ಸ್ಟಾಫ್ ರೂಮಿನಲ್ಲಿ ಎಲ್ಲರೂ ‘ಆಫರ್ ಸರ್’ ಎನ್ನುತ್ತಿದ್ದರು. ಅದು ಕುಹಕವೆಂದು ಆತನಿಗೆ ಯಾವತ್ತೂ ಅನಿಸಿರಲಿಲ್ಲ. ಯಾರಾದರೂ ಫ್ರಿಜ್ ಕೊಂಡರೆ, “ಎಷ್ಟಕ್ಕ ತಗೊಂಡ್ರಿ?” ಎಂದು ಕೇಳಿ, ಅವರು ಬಾಯಿ ತೆರೆಯುವ ಮೊದಲೇ “ನನಗ ಒಂದು ಮಾತು ಕೇಳಿದ್ದಿಲ್ಲ ನೋಡ್ರಿ” ಎಂದು ಅವರ ಹೊಸ ಫ್ರಿಜ್ಜಿನ ಸಂತೋಷವನ್ನು ಅಲ್ಲಿಗೇ ಮುಗಿಸಿಬಿಡುತ್ತಿದ್ದ.

ಆ ವರ್ಷ ದೀಪಾವಳಿಗೆ ಎರಡು ವಾರ ಇರುವಾಗ ಸಿರಿಸಂಪದ ಬಜಾರ್ ಎಂಬ ಮೂರಂತಸ್ತಿನ ಅಂಗಡಿ ಊರ ತುಂಬ ಬೋರ್ಡು ಹಾಕಿಸಿತು. ಹತ್ತು ಸಾವಿರದ ಗಿಫ್ಟ್ ಕಾರ್ಡು ಕೊಂಡರೆ ಎರಡು ಸಾವಿರದ ಬೋನಸ್ ಕಾರ್ಡು ಉಚಿತ. ದತ್ತಪ್ಪ ಸ್ಕೂಟರು ನಿಲ್ಲಿಸಿ ಆ ಬೋರ್ಡನ್ನು ಜನ ದೇವರ ಮುಂದೆ ನಿಲ್ಲುವಂತೆ ನಿಂತು ನೋಡಿದ. ಆತನ ಕೈಯಲ್ಲಿ ಆಗಷ್ಟೇ ಬಂದ ತುಟ್ಟಿಭತ್ಯೆಯ ಬಾಕಿ ನಲವತ್ತು ಸಾವಿರ ಇತ್ತು. ಅದರಿಂದ ಗೋಡೆಯಗಲದ ಟಿವಿ ತರಬೇಕೆಂದು ಮೊದಲೇ ನಿರ್ಧಾರವಾಗಿತ್ತು. ಈಗ ಮತ್ತೊಂದು ವಿಚಾರ ಹೊಳೆದು ಆತನ ಮೈ ಜುಮ್ಮೆಂದಿತು. ನಾಲ್ಕು ಮುಖ್ಯ ಕಾರ್ಡು ತನಗೆ. ನಾಲ್ಕು ಬೋನಸ್ ಕಾರ್ಡು ಕಮಲಾಪುರದ ತಂಗಿ ನಾಗರತ್ನಾಳಿಗೆ. ದೀಪಾವಳಿಯ ಉಡುಗೊರೆ ಕೊಟ್ಟಂತಾಯಿತು, ಕಿಸೆಯಿಂದ ಒಂದು ರೂಪಾಯಿ ಹೋಗಲಿಲ್ಲ!

ಅಂಗಡಿಯ ಕೌಂಟರಿನಲ್ಲಿ ಅಫ್ಶೀನ್ ಎಂಬ ಹುಡುಗಿ ಇದ್ದಳು. ಎಂಟೂ ಕಾರ್ಡುಗಳನ್ನು ಲಕೋಟೆಗೆ ಹಾಕುತ್ತ, “ಸರ್, ಈ ಬೋನಸ್ ಕಾರ್ಡಿಂದು ಒಂದು ರೂಲ್ಸ್ ಅದ, ಹೇಳ್ತೀನಿ ಕೇಳ್ರಿ…” ಎಂದಳು.

“ನನಗ ಓದಾಕ ಬರ್ತದವ್ವಾ,” ಎಂದ ದತ್ತಪ್ಪ. “ಇಪ್ಪತ್ತಾರು ವರ್ಷ ಆತು ಇದನ್ನ ಕಲಿಸ್ಲಾಕತ್ತು.”

ಕನ್ನಡಕ ಹಣೆಗೇರಿಸಿ, ಕಾರ್ಡನ್ನು ಮೂಗಿಗೆ ಹಿಡಿದು ಹಿಂದಿನ ಸಣ್ಣಕ್ಷರ ಓದಿದ. ‘ಬೋನಸ್ ಕಾರ್ಡು ಮುಖ್ಯ ಕಾರ್ಡಿನ ಜೊತೆಗೆ ಮಾತ್ರ.’ ಕೆಳಗೆ ಒಂದು ತಾರೀಕು, ಹಬ್ಬ ಮುಗಿದು ತಿಂಗಳಿಗೆ ಬರುವ ಭಾನುವಾರ.

“ಇಷ್ಟೇ ಅಲ್ಲೇನು? ಮುಖ್ಯ ಕಾರ್ಡ್ ತಗೊಂಡವರಿಗೆ ಮಾತ್ರ ಬೋನಸ್ ಕೊಡ್ತೀರಿ. ನಾ ತಗೊಂಡೀನಿ, ನೀ ಕೊಟ್ಟಿ. ಇದರಾಗ ಹೇಳೋದೇನದ?”

“ಹಂಗಲ್ಲ ಸರ್, ಅದು…”

“ಹಿಂದ ಲೈನ್ ಭಾಳ ಉದ್ದ ಆಗ್ಯಾದ ನೋಡವ್ವಾ,” ಎಂದು ಆಕೆಗೇ ಬುದ್ಧಿ ಹೇಳಿ ಲಕೋಟೆ ಎತ್ತಿಕೊಂಡು ಬಂದ.

ಮನೆಯಲ್ಲಿ ಹೆಂಡತಿ ಸುನಂದಾ ಎಲ್ಲಾ ಕೇಳಿಸಿಕೊಂಡು, “ಪುಕ್ಕಟ ಬಂದದ್ದು ತಂಗಿಗೆ ಕೊಡ್ತೀರಿ?” ಎಂದಳು.

“ಪುಕ್ಕಟ ಬಂದದ್ದು ಅಂತ ಕಾರ್ಡಿನ ಮ್ಯಾಲ ಬರದಿಲ್ಲ. ಎರಡು ಸಾವಿರ ಅಂತ ಬರದದ.”

ಸುನಂದಾಳಿಗೆ ಇದು ಹೊಸದಲ್ಲ. ಕಮಲಾಪುರದಲ್ಲಿದ್ದ ಅಪ್ಪನ ಜಾಗ ಮಾರುವಾಗ ನಾಗರತ್ನಾ ತನಗೇನೂ ಬೇಡವೆಂದು ಸುಮ್ಮನೆ ಸಹಿ ಹಾಕಿಕೊಟ್ಟಿದ್ದಳು. ಅದಕ್ಕೆ ದತ್ತಪ್ಪ ಒಂದು ಸೀರೆ ಉಡಿಸಿದ್ದ. ಒಂದು ಕೊಂಡರೆ ಒಂದು ಉಚಿತ ಎಂಬ ಆಫರಿನ ಸೀರೆಗಳು ಅವು. ಕೊಂಡದ್ದು ಸುನಂದಾಳಿಗೆ, ಉಚಿತದ್ದು ನಾಗರತ್ನಾಳಿಗೆ. ಮೊದಲನೇ ಸಲ ಒಗೆದಾಗಲೇ ಅದರ ಬಣ್ಣ ಬಕೆಟ್ಟಿನ ನೀರು ಸೇರಿತ್ತು. ನಾಗರತ್ನಾ ಅದನ್ನು ಅಣ್ಣನಿಗೆ ಹೇಳಲಿಲ್ಲ. ಆದರೆ ಆಕೆಯ ಅತ್ತೆ ಶಂಕ್ರಮ್ಮ ಓಣಿಗೆಲ್ಲಾ ಹೇಳಿದಳು. ಅಂದಿನಿಂದ ನಾಗರತ್ನಾ ಯಾವ ಬಟ್ಟೆ ಒಗೆಯಲು ಕೂತರೂ, “ತೌರಮನಿ ಸೀರಿ ಬ್ಯಾರೆ ಇಡವಾ, ನಮ್ಮವು ಕೆಡ್ತಾವ” ಎನ್ನುವುದು ಆ ಮುದುಕಿಗೆ ರೂಢಿಯಾಗಿತ್ತು.

ಪಾಡ್ಯದ ದಿನ ಗಂಡ ಹೆಂಡತಿ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದರು. ನಾಗರತ್ನಾಳ ಗಂಡ ಗುಂಡಣ್ಣ ಕೆಂಪು ಬಾಳೆ ಬೆಳೆಯುವವನು, ಮನಸ್ಸಿನಲ್ಲಿ ಒಂದು ಬಾಯಲ್ಲಿ ಒಂದು ಇಲ್ಲದವನು. ಬಸ್ ಸ್ಟ್ಯಾಂಡಿಗೇ ಬಂದು ಇಬ್ಬರನ್ನೂ ಕರೆದೊಯ್ದ. ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆ, ಜೋಳದ ರೊಟ್ಟಿ ಊಟವಾದ ಮೇಲೆ ನಾಗರತ್ನಾ ಅಣ್ಣನಿಗೆ ಆರತಿ ಎತ್ತಿದಳು. ದತ್ತಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಎಲ್ಲರೂ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು, ತಟ್ಟೆಯಲ್ಲಿ ಬಂಗಾರದ ಬಣ್ಣದ ನಾಲ್ಕು ಕಾರ್ಡುಗಳನ್ನು ಒಂದೊಂದಾಗಿ ಇಟ್ಟ.

“ಒಂದೊಂದು ಎರಡೆರಡು ಸಾವಿರದ್ದು,” ಎಂದ.

“ಎಂಟು ಸಾವಿರ!” ಗುಂಡಣ್ಣನ ದನಿಯೇ ಬದಲಾಯಿತು. “ಇಷ್ಟೆಲ್ಲಾ ಯಾಕ್ರಿ ಭಾವಾ?”

“ತಂಗಿಗೆ ಕೊಡೋದರಾಗ ಲೆಕ್ಕ ನೋಡಬಾರದು ಗುಂಡಣ್ಣಾರೆ.”

ಸುನಂದಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಶಂಕ್ರಮ್ಮ ಒಂದು ಕಾರ್ಡು ಎತ್ತಿ ಹಲ್ಲಿಗೆ ತಾಗಿಸಿ ನೋಡಿದಳು. “ಪ್ಲಾಸ್ಟಿಕ್ಕಿದು,” ಎಂದು ತೀರ್ಪು ಕೊಟ್ಟು ಮತ್ತೆ ತಟ್ಟೆಗೆ ಹಾಕಿದಳು. ನಾಗರತ್ನಾ ಮಾತ್ರ ಕಾರ್ಡಿನ ಹಿಂದೆ ಮುಂದೆ ತಿರುವಿ ನೋಡಿ, ಅಣ್ಣನ ಮುಖವನ್ನೂ ಒಮ್ಮೆ ಹಾಗೇ ನೋಡಿ, ನಕ್ಕು ಒಳಗಿಟ್ಟಳು. ಹೊರಡುವಾಗ ಅಣ್ಣನಿಗೆ ಪ್ಯಾಂಟು ಶರ್ಟಿನ ಬಟ್ಟೆ, ವೈನಿ ಸುನಂದಾಳಿಗೆ ಇಳಕಲ್ ಸೀರೆ, ಜೊತೆಗೆ ಎತ್ತಲಾರದಷ್ಟು ದೊಡ್ಡ ಕೆಂಪು ಬಾಳೆಯ ಗೊನೆ ಕೊಟ್ಟು ಕಳಿಸಿದಳು. ಬಸ್ಸಿನಲ್ಲಿ ದತ್ತಪ್ಪ ದಾರಿಯುದ್ದಕ್ಕೂ ಆ ಗೊನೆಗೆ ಬಜಾರಿನಲ್ಲಿ ಏನು ದರ ಎಂದು ಯೋಚಿಸುತ್ತ ಬಹಳ ತೃಪ್ತಿಯಿಂದ ಕೂತಿದ್ದ.

ಟಿವಿಯನ್ನು ಆತ ತಕ್ಷಣ ತರಲಿಲ್ಲ. ವರ್ಷದ ಕೊನೆಗೆ ಟಿವಿಯ ಬೆಲೆ ಇನ್ನೂ ಇಳಿಯುತ್ತದೆ, ಆಗ ಕಾರ್ಡು ಬಳಸಿದರೆ ಲಾಭದ ಮೇಲೆ ಲಾಭ ಎಂದು ನಾಲ್ಕೂ ಮುಖ್ಯ ಕಾರ್ಡುಗಳನ್ನು ಕಪಾಟಿನಲ್ಲಿ ಜೋಪಾನವಾಗಿಟ್ಟ.

ತಿಂಗಳ ಮೇಲೆ ಒಂದು ಭಾನುವಾರ ಹನ್ನೊಂದಕ್ಕೆ ಫೋನು ಬಂತು. ನಾಗರತ್ನಾ.

“ಅಣ್ಣಾ, ನಾವೆಲ್ಲಾ ಸಿರಿಸಂಪದಕ್ಕ ಬಂದೀವಿ. ನೀನೂ ವೈನೀನೂ ಜರಾ ಬರ್ರಿ. ನೀ ಕೊಟ್ಟ ಉಡುಗೊರಿ, ನಿನ್ನ ಕೈಲೇ ಕೊಡಸಬೇಕಂತ ಇವರು ಹಟ ಹಿಡದಾರ.”

ದತ್ತಪ್ಪ ಹಿಗ್ಗಿದ. ತಂಗಿ ಕೊಟ್ಟ ಬಟ್ಟೆಯಿಂದ ಹೊಲಿಸಿದ ಶರ್ಟು ಹಾಕಿಕೊಂಡ. ಸುನಂದಾ ಕಪಾಟು ತೆಗೆದು ಮುಚ್ಚಿದ ಸದ್ದು ಆತನಿಗೆ ಕೇಳಿತು, ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಗಡಿಯಲ್ಲಿ ಶಂಕ್ರಮ್ಮ ಮಾರಾಟಕ್ಕಿಟ್ಟ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು, ಯಾರೂ ಎಬ್ಬಿಸುವ ಧೈರ್ಯ ಮಾಡಿರಲಿಲ್ಲ. ಕೌಂಟರಿನ ಮುಂದೆ ಸಾಮಾನು ಸಾಲಾಗಿ ನಿಂತಿತ್ತು: ಬಟ್ಟೆ ಒಗೆಯುವ ಮಷಿನ್, ಹೊಲಿಗೆ ಮಷಿನ್, ಮಿಕ್ಸರ್, ಶಂಕ್ರಮ್ಮನಿಗೆ ರೇಷ್ಮೆ ಸೀರೆ, ಗುಂಡಣ್ಣನಿಗೆ ಕೈಗಡಿಯಾರ.

“ಇದೆಲ್ಲಾ ಎಂಟು ಸಾವಿರದಾಗ ಬರ್ತದೇನು ನಾಗು?” ದತ್ತಪ್ಪ ನಕ್ಕ.

ಉತ್ತರ ಕೊಟ್ಟವಳು ಅಫ್ಶೀನ್. “ನಮಸ್ಕಾರ ಸರ್. ನಿಮ್ಮ ಮುಖ್ಯ ಕಾರ್ಡ್ ಕೊಡ್ರಿ. ಒಂದು ಬೋನಸ್ ಕಾರ್ಡ್ ನಡೀಬೇಕಂದ್ರ ಅದರ ಜೋಡಿ ಹತ್ತು ಸಾವಿರದ ಮುಖ್ಯ ಕಾರ್ಡ್ ಅದೇ ಬಿಲ್ಲಿನಾಗ ಪೂರಾ ಖರ್ಚಾಗಬೇಕು. ನಾಲ್ಕಕ್ಕ ನಾಲ್ಕು. ಎಲ್ಲಾ ಸೇರಿ ಸರಿಯಾಗಿ ನಲವತ್ತೆಂಟು ಸಾವಿರ ಆಗ್ಯಾದ.”

“ಯಾರು ಹೇಳಿದ್ದು ಹಂಗಂತ?”

“ಕಾರ್ಡಿನ ಹಿಂದ ಬರದದ ಸರ್. ಮುಖ್ಯ ಕಾರ್ಡಿನ ಜೊತೆಗೆ ಮಾತ್ರ. ಅವತ್ತ ನಾ ಹೇಳ್ಲಾಕ ಬಂದಿದ್ದೆ. ನಿಮಗ ಓದಾಕ ಬರ್ತದ ಅಂದ್ರಿ.”

ದತ್ತಪ್ಪ ಕಾರ್ಡು ಇಸಿದುಕೊಂಡು ಮತ್ತೆ ಓದಿದ. ಅದೇ ಆರು ಶಬ್ದ. ಅಕ್ಷರ ಒಂದೂ ಬದಲಾಗಿರಲಿಲ್ಲ, ಅರ್ಥ ಮಾತ್ರ ಪಕ್ಷ ಬದಲಿಸಿತ್ತು.

“ನಾಳೆ ನೋಡೋಣು,” ಎಂದ.

“ಬೋನಸ್‌ಗೆ ಇವತ್ತೇ ಆಖ್ರಿ ದಿನ ಸರ್.”

“ಹಂಗಾದ್ರ… ಕಾರ್ಡು ಮನ್ಯಾಗ ಉಳದಾವಲ್ಲ. ಛೇ, ಛೇ.” ಆತ ಎರಡೂ ಕಿಸೆ ತಟ್ಟಿ ತೋರಿಸಿದ.

“ಇಲ್ಲೇ ಅವ ರೀ,” ಎಂದಳು ಸುನಂದಾ. ತನ್ನ ಕೈಚೀಲದಿಂದ ಲಕೋಟೆ ತೆಗೆದು ಕೌಂಟರಿನ ಮೇಲಿಟ್ಟಳು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಆಕೆ ಇಷ್ಟು ಚುರುಕಾಗಿ ಏನನ್ನೂ ತೆಗೆದುಕೊಟ್ಟದ್ದನ್ನು ದತ್ತಪ್ಪ ನೋಡಿರಲಿಲ್ಲ.

“ಒಂದು ಕಾರ್ಡ್ ಅಷ್ಟೇ ನಡಸೋಣು,” ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ. ಅದು ಸೋಫಾದವರೆಗೂ ಕೇಳಿಸಿತು.

“ನಾ ಹೇಳಿದ್ದಿಲ್ಲೇನು ಗುಂಡಾ,” ಶಂಕ್ರಮ್ಮ ಅಲ್ಲಿಂದಲೇ ದನಿ ಎತ್ತಿದಳು. “ಪ್ಲಾಸ್ಟಿಕ್ಕದು ಅಂತ. ಇವರ ಮನಿ ಸೀರಿ ನೋಡೀನಿ ನಾ.”

ಅಕ್ಕಪಕ್ಕದ ಜನ ತಿರುಗಿ ನೋಡಿದರು. ನಾಗರತ್ನಾ ನೆಲ ನೋಡುತ್ತ ನಿಂತಿದ್ದಳು. ಗುಂಡಣ್ಣ ಮಾತ್ರ ಏನೂ ತಿಳಿಯದೆ, ದತ್ತಪ್ಪನ ಎರಡೂ ಕೈ ಹಿಡಿದು, “ಅವ್ವನ ಮಾತಿಗೆ ನೀವೇನೂ ತಿಳ್ಕೋಬ್ಯಾಡ್ರಿ ಭಾವಾ. ಎಂಟು ಸಾವಿರ ಅಂತ ಹೇಳಿ ಒಳಗ ನಲವತ್ತೆಂಟು ಇಟ್ಟೀರಿ! ಹಿಂಗ ಮುಚ್ಚಿಟ್ಟು ಕೊಡೋ ಮನಸ್ಸು ಯಾರಿಗದ?” ಎಂದ. ಆತನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ಇಷ್ಟರಲ್ಲಿ ಮ್ಯಾನೇಜರ್ ಮಕ್ಸೂದ್ ಮೈಕು ಹಿಡಿದುಕೊಂಡು ಬಂದೇಬಿಟ್ಟ. ವ್ಯಾಪಾರದ ವಾಸನೆ ಆತನಿಗೆ ಮೂರನೇ ಅಂತಸ್ತಿಗೂ ತಲುಪುತ್ತಿತ್ತು. “ಗ್ರಾಹಕ ಬಾಂಧವರೇ, ಕಮಲಾಪುರದ ತಂಗಿಗೆ ದೀಪಾವಳಿ ಉಡುಗೊರೆಯಾಗಿ ನಲವತ್ತೆಂಟು ಸಾವಿರದ ಸಾಮಾನು ಕೊಡಿಸುತ್ತಿರುವ ಅಣ್ಣ, ಪ್ರೊಫೆಸರ್ ದತ್ತಪ್ಪ ಸಾಹೇಬರಿಗೆ ಜೋರಾಗಿ ಒಂದು ಚಪ್ಪಾಳೆ!”

ಮೂರೂ ಅಂತಸ್ತಿನಿಂದ ಚಪ್ಪಾಳೆ ಬಂತು. ಪ್ಲಾಸ್ಟಿಕ್ ಹೂವಿನ ಹಾರ ದತ್ತಪ್ಪನ ಕೊರಳಿಗೆ ಬಿತ್ತು. ಮಕ್ಸೂದ್ ಆತನ ಕೈಗೆ ಬಾಗಿಲಿನಷ್ಟು ದೊಡ್ಡ ರಟ್ಟಿನ ಕಾರ್ಡು ಕೊಟ್ಟು ತಂಗಿಯ ಪಕ್ಕ ನಿಲ್ಲಿಸಿ ಫೋಟೊ ತೆಗೆಸಿದ. ಹಾರ ಹಾಕಿಕೊಂಡವನು ಬೇಡವೆನ್ನಲು ಬಾಯಿ ತೆರೆದ. ಫೋಟೊದಲ್ಲಿ ಅದು ನಗೆಯಂತೆ ಕಂಡಿತು. ಆತನ ಬೆನ್ನ ಹಿಂದೆ ಅಫ್ಶೀನ್ ಕಾರ್ಡುಗಳನ್ನು ಒಂದೊಂದಾಗಿ ಮಷಿನ್ನಿಗೆ ಉಜ್ಜುತ್ತಿದ್ದಳು. ಎಂಟು ಸಲ ಕೀ ಕೀ ಎಂದಿತು. ದತ್ತಪ್ಪ ಎಂಟನ್ನೂ ಎಣಿಸಿದ.

ಸಾಮಾನೆಲ್ಲ ಬಾಳೆಗೊನೆ ಸಾಗಿಸುವ ಟೆಂಪೊ ಏರಿತು. ಶಂಕ್ರಮ್ಮ ಹತ್ತುವ ಮೊದಲು ದತ್ತಪ್ಪನ ಹತ್ತಿರ ಬಂದು ಕೈಬೆರಳಿಂದ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಬೆರಳೆಲ್ಲಾ ಲಟಲಟ ಎಂದವು. ಆ ಮುದುಕಿ ಏನೂ ಹೇಳದೆ ಹೋದದ್ದು ಅದೇ ಮೊದಲು.

ನಾಲ್ಕನೇ ದಿನ ದತ್ತಪ್ಪ ತಡೆಯಲಾರದೆ ಕಮಲಾಪುರಕ್ಕೆ ಫೋನು ಹಚ್ಚಿದ.

“ನಾಗು, ಖರೇ ಹೇಳು. ಆ ರೂಲ್ಸು ನಿನಗ ಮದಲೇ ಗೊತ್ತಿತ್ತೇನು?”

“ಗೊತ್ತಿತ್ತಣ್ಣಾ. ಹಿಂದಿನ ವಾರ ನಾ ಒಬ್ಬಾಕೀನೇ ಬಂದಿದ್ದೆ. ಒಂದು ಮಿಕ್ಸರ್ ತಗೊಂಡು ಕಾರ್ಡ್ ಕೊಟ್ರ, ನಡ್ಯಂಗಿಲ್ಲ ಅಂದಳು ಆ ಹುಡುಗಿ. ಎಲ್ಲಾ ತಿಳಿಸಿ ಹೇಳಿದಳು. ಬೋನಸ್ ಅಂದ್ರ ಪುಕ್ಕಟ ಬಂದದ್ದು ಅಂತನೂ ಹೇಳಿದಳು. ಮಿಕ್ಸರ್ ಅಲ್ಲೇ ಇಟ್ಟು ಬಸ್ ಹತ್ತಿದೆ.”

“ಮತ್ತ ನನಗೊಂದು ಫೋನ್ ಮಾಡಬೇಕಿಲ್ಲೇನು?”

“ವೈನಿಗೆ ಮಾಡಿದ್ದೆ. ನಿನಗ ಮಾಡಿದ್ರ ನೀ ಬರ್ತಿದ್ದೇನು?”

ಆ ಕಡೆ ಹೊಲಿಗೆ ಮಷಿನ್ನಿನ ಸದ್ದು ಕೇಳುತ್ತಿತ್ತು. ತಂಗಿ ಅದನ್ನು ನಿಲ್ಲಿಸದೆಯೇ ಮಾತಾಡಿದಳು.

“ಅಪ್ಪನ ಜಾಗಕ್ಕ ಸಹಿ ಹಾಕೋವಾಗ ನಾ ಏನೂ ಕೇಳಲಿಲ್ಲ ಅಣ್ಣಾ. ಈಗೂ ಕೇಳಿಲ್ಲ. ನೀನೇ ಆರತಿ ತಟ್ಟ್ಯಾಗ ಇಟ್ಟಿ, ನಾ ಅದನ್ನ ಪೂರಾ ತಗೊಂಡೆ, ಅಷ್ಟೇ. ಅತ್ತಿ ಈಗ ಆ ರೇಷ್ಮಿ ಸೀರಿ ಉಟಗೊಂಡು ಓಣಿ ತುಂಬ ತಿರಗ್ಲಾಕತ್ತಾಳ. ‘ನಮ್ಮ ಸೊಸಿ ಅಣ್ಣ ಕೊಡಿಸ್ಯಾನ’ ಅಂತಾಳ. ನಿನ್ನ ಹೆಸರು ಛಂದಾಗಿ ತಗೋಳೋದು ಕೇಳಿ ನನಗೇ ಅಳು ಬಂತು.”

ದತ್ತಪ್ಪ ಫೋನಿಟ್ಟ. ಎದೆಯಲ್ಲಿ ಏನೋ ಮೆತ್ತಗೆ ಕದಲಿದಂತಾಯಿತು. ಅಪ್ಪ, ಕಮಲಾಪುರದ ಆ ಜಾಗ, ಬಣ್ಣ ಬಿಟ್ಟ ಸೀರೆ ಎಲ್ಲಾ ಒಮ್ಮೆ ನೆನಪಿಗೆ ಬಂದವು. ಅದು ನಾಚಿಕೆ. ಆದರೆ ಆತನಿಗೆ ಅದರ ಪರಿಚಯವಿರಲಿಲ್ಲವಾದ್ದರಿಂದ ಗ್ಯಾಸಾಗಿರಬೇಕೆಂದು ಒಂದು ಲೋಟ ಜೀರಿಗೆ ನೀರು ಕುಡಿದ.

ಮರುದಿನ ಸ್ಟಾಫ್ ರೂಮಿಗೆ ಹೋದಾಗ ಸಿರಿಸಂಪದದ ಫೋಟೊ ಎಲ್ಲರ ಮೊಬೈಲಿಗೂ ಬಂದಿತ್ತು. ಎಲ್ಲರೂ ಎದ್ದು ಕೈ ಕುಲುಕಿದರು. ದತ್ತಪ್ಪನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ನಲವತ್ತು ಹಾಕಿ ನಲವತ್ತೆಂಟರ ಉಡುಗೊರಿ ಕೊಟ್ಟೆ,” ಎಂದ. “ಎಂಟು ಸಾವಿರ ಲಾಭ. ಕಲಬುರಗಿಯಾಗ ಇಷ್ಟು ಅಗ್ಗದಾಗ ತಂಗಿಗೆ ನಲವತ್ತೆಂಟು ಸಾವಿರ ಕೊಟ್ಟವನು ಇದ್ರ ತೋರಸ್ರಿ.”

ಹಿಸ್ಟರಿಯ ದೌಲಪ್ಪ ಸರ್ ಸ್ವಲ್ಪ ಹೊತ್ತು ಬೆರಳು ಮಡಚಿ, “ಅಲ್ರೀ ಸರ್, ಎಂಟು ಸಾವಿರ ಲಾಭ ಆದದ್ದು ತಂಗಿಗೋ, ನಿಮಗೋ?” ಎಂದರು.

“ನೀವು ಹಿಸ್ಟರಿಯವರು, ನಿಮಗಿದು ತಿಳಿಯಂಗಿಲ್ಲ ಬಿಡ್ರಿ,” ಎಂದು ಹೇಳಿ ದತ್ತಪ್ಪ ಹಾಜರಿ ಪುಸ್ತಕ ಎತ್ತಿಕೊಂಡು, ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿದ್ದರೂ, ಕ್ಲಾಸಿನ ಕಡೆ ಹೊರಟುಹೋದ.