ರೇಶ್ಮಾಳ ಬೆನ್ನಿಗೊಂದು ಜೀನು

ಬೊರಿವಲಿಯ ತಮ್ಮ ಬಿಲ್ಡಿಂಗಿನಲ್ಲಿ ಗಂಗುಬಾಯಿಯ ಕೈಗೆ ದೊಡ್ಡ ಹೆಸರಿತ್ತು. ಬದನೆಕಾಯಿ ಇರಲಿ, ಗಾದಿ ಇರಲಿ, ಹೆಣ್ಣು ನೋಡಲು ಬಂದ ಬೀಗರಿರಲಿ, ಒಮ್ಮೆ ಒತ್ತಿ ನೋಡಿದರೆ ಸಾಕು, ಒಳಗೆ ಏನಿದೆ ಎಂದು ಹೇಳಿಬಿಡುವವಳು. ಬೀಗರನ್ನು ಮಾತ್ರ ಮಾತಿನಿಂದ ಒತ್ತುತ್ತಿದ್ದಳು. ಹೀಗಾಗಿ ಆ ಭಾನುವಾರ ಬೆಳಿಗ್ಗೆ ಜೋಗೇಶ್ವರಿಯ ಚರ್ಮದ ಕಾರ್ಖಾನೆಯಲ್ಲಿ ಕಸಬುದಾರ ಮುಜಾಹಿದ ಕುದುರೆಯ ಜೀನುಗಳನ್ನು ಸಾಲಾಗಿ ಇಟ್ಟು ತೋರಿಸಿದಾಗ, ಅವಳು ಯಾರ ಅಪ್ಪಣೆಯನ್ನೂ ಕೇಳದೆ ಒಂದೊಂದನ್ನೇ ಒತ್ತುತ್ತ ಹೊರಟಳು.

"ಇದು ಕಲ್ಲು. ಇದೂ ಕಲ್ಲು. ಇದರ ಮ್ಯಾಲ ಮನಶ್ಯಾರು ಕೂಡ್ತಾರೇನು ತಮ್ಮಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಾಲ್ಕನೆಯದರ ಮುಂದೆ ನಿಂತಳು. ಕಪ್ಪು ಬಣ್ಣದ, ಆಳವಾದ ಆಸನದ, ಮೊಣಕಾಲಿಗೆ ಎರಡೂ ಕಡೆ ದಪ್ಪ ದಿಂಬುಗಳಿದ್ದ ಜೀನು ಅದು. ಬೆರಳು ಒತ್ತಿದರೆ ಒಳಗೆ ಇಳಿಯುತ್ತಿತ್ತು. "ಇದು ನೋಡು. ಸೋಫಾ ಐತಿ ಸೋಫಾ."

ಮಗಳು ಸ್ನೇಹಲ್ ಅದರ ಮೇಲೆ ಕೂತು ಮರುಕ್ಷಣವೇ ಇಳಿದಳು. "ಅವ್ವಾ, ಪ್ಲೀಸ್. ಇದು ಕಾಲು ಲಾಕ್ ಮಾಡ್ತದ. ಬಿಲ್ಕುಲ್ ಹಿಲ್ಲಾಕ ಬರೂದಿಲ್ಲ."

"ಯಾಕ ಹಿಲ್ಬೇಕು? ಸುಮ್ನ ಕೂಡು."

ಸುಮ್ಮನೆ ಕೂಡುವ ಆಟವಲ್ಲ ಅದು ಎಂದು ಸ್ನೇಹಲ್ ಹಲವು ಸಲ ಹೇಳಿ ಸೋತಿದ್ದಳು. ಅವಳು ಕಲಿಯುತ್ತಿದ್ದದ್ದು ಡ್ರೆಸಾಜ್. ರೇಸಿನಂತೆ ಯಾರನ್ನೂ ಓಡಿ ಸೋಲಿಸುವುದಿಲ್ಲ. ಸವಾರಳ ಸೊಂಟದ, ಮೊಣಕಾಲಿನ ಸಣ್ಣ ಸೂಚನೆಗೆ ಕುದುರೆ ಹೆಜ್ಜೆ ಕಿರಿದು ಮಾಡಬೇಕು, ಹಿರಿದು ಮಾಡಬೇಕು, ಅಡ್ಡ ಹೆಜ್ಜೆ ಹಾಕಬೇಕು. ನೋಡುವವರಿಗೆ ಕುದುರೆ ತನ್ನ ಖುಷಿಗೆ ತಾನೇ ಕುಣಿಯುತ್ತಿದೆ ಅನ್ನಿಸಬೇಕು. ಅದಕ್ಕೆ ಜೀನು ಸವಾರಳನ್ನು ಹಿಡಿದಿಡಬೇಕು, ಆದರೆ ಕಟ್ಟಿಹಾಕಬಾರದು; ಕುದುರೆಯ ಬೆನ್ನ ಮೇಲೆ ಕೂಡಬೇಕು, ಆದರೆ ಭುಜಕ್ಕೆ ಅಡ್ಡ ಬರಬಾರದು.

ಮುಜಾಹಿದ ಕಂದು ಬಣ್ಣದ ಇನ್ನೊಂದು ಜೀನು ಎತ್ತಿ ತಂದ. ಅವನ ಅಜ್ಜ ವಿಜಯಪುರದವನು. ಮಾತಿಗೆ ನಿಂತರೆ ಸತ್ತ ದನದ ಚರ್ಮಕ್ಕೂ ವಂಶಾವಳಿ ಹೇಳುವ ಆಸಾಮಿ ಮೊಮ್ಮಗ. "ಅಕ್ಕಾರ, ಇದು ನೋಡ್ರಿ. ಕುದುರಿ ಬೆನ್ನಿನ ಅಳತಿ ನಾನ ಹೋಗಿ ತಂದೀನಿ. ರೇಸ್ ಬಿಟ್ಟ ಮ್ಯಾಲೆ ಭುಜ ತುಂಬ್ಯಾವ. ಮುಂಬೈದಾಗ ಈ ಬೆನ್ನಿಗೆ ಇಂಥಾ ಜೀನು ನನ್ನ ಹತ್ರ ಬಿಟ್ರ ಯಾರ ಹತ್ರಾನೂ ಇಲ್ಲ, ಲಿಖ್ ಕೇ ದೇತೂಂ, ಬರದ ಕೊಡ್ತೀನಿ."

ಸ್ನೇಹಲ್ ಅದರ ಮೇಲೆ ಕೂತಳು. ಮೊಣಕಾಲಿನ ಹತ್ತಿರ ಸಣ್ಣ ಆಸರೆ ಮಾತ್ರ ಇತ್ತು. ಕಾಲು ಉದ್ದಕ್ಕೆ ಇಳಿಬಿದ್ದವು, ಸೊಂಟ ಸರಾಗ ಆಡಿತು. ಮುಖ ಅರಳಿತು. ಆದರೂ ಇಳಿದು ಜೀನನ್ನು ಬೋರಲು ಹಾಕಿ, ಒಳಗಿನ ಅಗಲವನ್ನು ಗೇಣಿಟ್ಟು ನೋಡಿ, "ಇನ್ನೂ ಥೋಡಾ ಅಗಲದ್ದು ಇಲ್ಲೇನು ಭಾಯ್?" ಎಂದಳು.

"ಇದಕ್ಕಿಂತ ಅಗಲದ್ದು ಬೇಕಂದ್ರ ನೀವು ಆನಿ ತರ್ಬೇಕು," ಎಂದ ಮುಜಾಹಿದ. "ಅಳತಿ ಬರೋಬರ್ ಐತಿ. ಯಾಕ ಅಗಲ?"

ಸ್ನೇಹಲ್ ಉತ್ತರ ಕೊಡದೆ ತಾಯಿಯ ಕೈಚೀಲದ ಕಡೆ ನೋಡಿದಳು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದು ಕಂಡು ಮುಜಾಹಿದನಿಗೆ ಸಾಕಾಯಿತು. "ಎರಡೂ ಒಯ್ರಿ. ಹಾಕಿ ನೋಡಿ ಒಂದು ಇಟ್ಕೋರಿ, ಒಂದು ವಾಪಸ್ ಕೊಡ್ರಿ," ಎಂದು ಎರಡನ್ನೂ ರಿಕ್ಷಾದೊಳಗೆ ತುರುಕಿಸಿದ. ಗೋರೆಗಾಂವಿನ ಕುದುರೆ ತಬೇಲೆ ಮುಟ್ಟುವವರೆಗೂ ಗಂಗುಬಾಯಿ ತನ್ನ ಸೋಫಾ ಜೀನನ್ನು ಮೊಮ್ಮಗುವಿನಂತೆ ತೊಡೆಯ ಮೇಲೆ ಹಿಡಿದು ಕೂತಿದ್ದಳು.

ಅವಳ ಕೈಚೀಲದಲ್ಲಿ ಇದ್ದದ್ದು ಒಂದು ಕೌದಿ. ಅದರ ಕತೆಯನ್ನು ಹೇಳಲೇಬೇಕು.

ಮಗಳು ಕುದುರೆ ಹತ್ತುವುದು ಗಂಗುಬಾಯಿಗೆ ಮೊದಲಿನಿಂದಲೂ ಸರಿಬರಲಿಲ್ಲ. "ಲಗ್ನದಾಗ ಮದುಮಗ ಕುದುರಿ ಮ್ಯಾಲ ಕೂಡ್ತಾನ. ಮದುಮಗಳು ಕೂತಿದ್ದು ಎಲ್ಲೆರ ನೋಡೀಯೇನು?" ಎಂದು ಬೈದಳು. ವಿಮಾ ಕಂಪನಿಯಲ್ಲಿ ಒಳ್ಳೆಯ ನೌಕರಿಯಿದ್ದ ಹುಡುಗಿ ನಸುಕಿನಲ್ಲೆದ್ದು ಮೊದಲ ಲೋಕಲ್ ಹಿಡಿದು ಲದ್ದಿಯ ವಾಸನೆಯಲ್ಲಿ ಹೊರಳಾಡಿ ಆಮೇಲೆ ಆಫೀಸಿಗೆ ಹೋಗುವುದು ಯಾವ ಸುಖಕ್ಕೆ ಎಂದು ಕೇಳಿದಳು. ಬೈದು ಬೈದು ದಣಿದಳೇ ಹೊರತು ಒಮ್ಮೆಯೂ ಆ ತಬೇಲೆಯ ಕಡೆ ಹೋಗಿ ನೋಡಲಿಲ್ಲ. ಕಳೆದ ಮಳೆಗಾಲದಲ್ಲಿ ಸ್ನೇಹಲ್ ಊಟ ಬಿಟ್ಟು ಕೂತಳು. ತಬೇಲೆಯ ಹಳೆಯ ಜೀನು ತಾನು ಸವಾರಿ ಮಾಡುವ, ರೇಸಿನಿಂದ ಬಂದ ಹೆಣ್ಣು ಕುದುರೆ ರೇಶ್ಮಾಳ ಬೆನ್ನು ನೋಯಿಸುತ್ತಿದೆ ಎಂದಳು. ಮೂಕ ಪ್ರಾಣಿಗೆ ನೋವು ಎಂದ ಕೂಡಲೇ ಗಂಗುಬಾಯಿ ಬೈಯುವುದನ್ನು ಬಿಟ್ಟಳು. ಟ್ರಂಕಿನಿಂದ ಹಳೆಯ ಇಳಕಲ್ ಸೀರೆಗಳನ್ನು ತೆಗೆದು, ಪದರದ ಮೇಲೆ ಪದರ ಹಾಸಿ, ಒತ್ತೊತ್ತಾಗಿ ದಾರ ಎಳೆದು, ಜೀನಿನ ಕೆಳಗೆ ಹಾಕಲು ದಪ್ಪನೆಯ ಒಂದು ಕೌದಿ ಹೊಲಿದುಕೊಟ್ಟಳು. ಸ್ನೇಹಲ್ ತಾಯಿಯ ಕೊರಳಿಗೆ ಬಿದ್ದು ಅತ್ತಳು. ಅವತ್ತಿನಿಂದ ಮನೆಯಲ್ಲಿ ಕುದುರೆಯ ವಿಷಯಕ್ಕೆ ಜಗಳವಾಗಲಿಲ್ಲ.

ಆದರೆ ರೇಶ್ಮಾ ಮಾತ್ರ ದಿನದಿನಕ್ಕೆ ಮುನಿಯುತ್ತ ಹೋದಳು. ಜೀನು ಕಂಡರೆ ಕಿವಿ ಹಿಂದಕ್ಕೆ ಮಾಡುತ್ತಿದ್ದಳು, ಹೆಜ್ಜೆ ಹಿರಿದು ಮಾಡೆಂದರೆ ಬೆನ್ನು ಗೂನು ಮಾಡಿ ನಿಲ್ಲುತ್ತಿದ್ದಳು. ತಬೇಲೆಯ ಒಡತಿ ಶುಭಾಂಗಿ ಕಡ್ಡಿ ಮುರಿದಂತೆ ಹೇಳಿದ್ದಳು: ಹೊಸ ಜೀನು ಹಾಕಿ ಈ ಭಾನುವಾರ ತೋರಿಸು; ಆಗಲೂ ಕಾಲು ಚಾಚದಿದ್ದರೆ ಸೋಮವಾರ ರೇಶ್ಮಾ ಪ್ರವಾಸಿಗರನ್ನು ಹೊರಲು ಮಾಥೇರಾನ ಗುಡ್ಡಕ್ಕೆ ಹೋಗುತ್ತಾಳೆ. ಕೊಂಡು ತರೋಣವೆಂದರೆ ಬೊರಿವಲಿಯ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕುದುರೆ ಕಟ್ಟಲು ಬರುವುದಿಲ್ಲವಲ್ಲ. ಮಗಳ ಒಣಗಿದ ಮುಖ ನೋಡಲಾರದೆ, ಜೀನು ಆರಿಸಲು ನಾನೇ ಬರುತ್ತೇನೆ ಎಂದು ಗಂಗುಬಾಯಿ ಹೊರಟದ್ದು ಹೀಗೆ. ವಾರವಾರ ಮನೆಗೆ ತರಿಸಿ, ಹತ್ತಿದ ಕುದುರೆಕೂದಲು ನೋಡಿ ಹಿಗ್ಗಿ, ತಾನೇ ಒಗೆದು ಒಣಗಿಸುತ್ತಿದ್ದ ಕೌದಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದಳು.

ರೇಶ್ಮಾಳನ್ನು ಅವಳು ನೋಡಿದ್ದು ಅದೇ ಮೊದಲು. ಎಣ್ಣೆ ಸವರಿದಂಥ ಕೆಂಪು ಮೈ, ದೊಡ್ಡ ಕಣ್ಣು. "ಏಟು ಚಂದ ಅದಾಳ ಯವ್ವಾ," ಎಂದು ಹತ್ತಿರ ಹೋಗಿ ಹಣೆ ನೇವರಿಸಿದಳು. ಆಮೇಲೆ ತಾನೇ ನಿಂತು ಕೌದಿ ಹಾಸಿಸಿದಳು, ಅದರ ಮೇಲೆ ಸೋಫಾ ಹಾಕಿಸಿದಳು.

ಸ್ನೇಹಲ್ ಹತ್ತಿ ಅಂಗಳದೊಳಗೆ ಹೋದಳು. ರೇಶ್ಮಾ ನಡೆದಳು, ಓಡುನಡಿಗೆಗೂ ಬಂದಳು. ಹೆಜ್ಜೆ ಹಿರಿದು ಮಾಡುವ ಮೂಲೆ ಬಂತು. ಬಾಲ ಬೀಸಿ, ತಲೆ ಕೊಡವಿ ನಿಂತುಬಿಟ್ಟಳು. ಎರಡನೇ ಸಲವೂ ಅದೇ ಆಯಿತು. ಕಂದು ಜೀನು ಹಾಕಿದರು, ಕೆಳಗೆ ಅದೇ ಕೌದಿ. ಸ್ನೇಹಲಳ ಕಾಲು ಈಗ ಚೆನ್ನಾಗಿ ಇಳಿಬಿದ್ದವು, ಅವಳ ಕೂರುವಿಕೆಯಲ್ಲಿ ತಪ್ಪು ಹುಡುಕಲು ಏನೂ ಉಳಿಯಲಿಲ್ಲ. ಆದರೂ ರೇಶ್ಮಾ ಮೂಲೆಗೆ ಬಂದು ಬೆನ್ನು ಗೂನು ಮಾಡಿದಳು.

ಬೇಲಿಯ ಹತ್ತಿರ ನಿಂತಿದ್ದ ಶುಭಾಂಗಿ, "ಬಸ್, ಸ್ನೇಹಲ್. ಉತರ್ ಜಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ; ಅದೇ ಕೆಟ್ಟದ್ದು.

ಸ್ನೇಹಲ್ ಇಳಿದು, ಜೀನು ಕೌದಿ ಎರಡನ್ನೂ ಇಳಿಸಿದಳು. ರೇಶ್ಮಾಳ ಬೆನ್ನು ಬೆವರಿನಿಂದ ತೊಯ್ದಿತ್ತು. ಭುಜದ ಹಿಂದೆ ಮಾತ್ರ ಎರಡೂ ಕಡೆ ಅಂಗೈ ಅಗಲದ ಜಾಗ ಒಣಗಿ ಉಳಿದಿತ್ತು. ಗಂಗುಬಾಯಿಯ ಕಣ್ಣಿಗೆ ಅದು ಬಿದ್ದದ್ದೇ ತಡ, "ನೋಡ್ರಿ, ನೋಡ್ರಿ! ನನ್ನ ಕೌದಿ ಬಿಗಿಯಾಗಿ ಕೂತಲ್ಲಿ ಬೆವರ ಬಂದಿಲ್ಲ. ಎಷ್ಟ ತಂಪ ಇಟ್ಟೈತಿ! ತಪ್ಪು ಕೌದೀದಲ್ಲ, ಜೀನಿಂದಲ್ಲ. ಕುಣೀಲಾರದಾಕಿ ಅಂಗಳ ಡೊಂಕ ಅಂದಳಂತ, ನಿಮ್ಮ ಕುದುರಿಗೇ ಮನಸಿಲ್ಲ," ಎಂದು ತೀರ್ಪು ಕೊಟ್ಟಳು.

ಶುಭಾಂಗಿ ಆ ಒಣ ಜಾಗದ ಕಡೆ ಬೆರಳು ಮಾಡಿ ಬಾಯಿ ತೆರೆದಳು. "ಕಾಕೂ, ವೋ ಸೂಖಾ ಜೋ ಹೈ ನಾ..."

"ರೆಹೆನೇ ದೋ ಮ್ಯಾಮ್," ಎಂದು ಸ್ನೇಹಲ್ ಅವಳ ಮಾತು ತಡೆದಳು. ಗಡಿಬಿಡಿಯಿಂದ ತಡೆದಳು.

ಗಂಗುಬಾಯಿಗೆ ಹಿಂದಿ ಬರುವುದಿಲ್ಲ ಎಂದು ಯಾರಾದರೂ ತಿಳಿದಿದ್ದರೆ ಅದು ಅವರ ಮೂರ್ಖತನ. ಮುಂಬೈಯಲ್ಲಿ ಕೂದಲು ಬೆಳ್ಳಗಾದವಳು ಅವಳು. ಮಗಳು ಏನನ್ನೋ ಮುಚ್ಚುತ್ತಿದ್ದಾಳೆ ಎಂದು ತಿಳಿಯಲು ಒತ್ತಿ ನೋಡುವುದೂ ಬೇಕಾಗಲಿಲ್ಲ. "ಏನದು? ಹೇಳಾಕ ಬಿಡು ಆಕೀಗೆ."

ಶುಭಾಂಗಿ ಸ್ನೇಹಲಳ ಮುಖ ನೋಡಿ ಲಗಾಮು ಕೈಗೆ ತೆಗೆದುಕೊಂಡಳು. ಯಾರೂ ಹೇಳುವುದಿಲ್ಲವೆಂದ ಮೇಲೆ ಗಂಗುಬಾಯಿ ತಾನೇ ತಿಳಿಯುವವಳು. "ಹಾಕು ಮತ್ತ. ಕೌದಿ ಹಾಕು, ಜೀನು ಹಾಕು, ಬಿಗಿ," ಎಂದಳು. ಬಿಗಿದ ಮೇಲೆ ಭುಜದ ಹಿಂದೆ, ಒಣಗಿದ ಜಾಗವಿದ್ದಲ್ಲಿಯೇ, ಕೌದಿಯ ಕೆಳಗೆ ಕೈ ತೂರಿಸಿದಳು. ಕೈ ಒಳಗೆ ಹೋಗಲು ಒದ್ದಾಡಿತು. "ನಡಸು," ಎಂದಳು.

ಶುಭಾಂಗಿ ಲಗಾಮು ಹಿಡಿದು ರೇಶ್ಮಾಳನ್ನು ಎರಡು ಹೆಜ್ಜೆ ನಡೆಸಿದಳು. ಭುಜದ ಮೂಳೆ ಹಿಂದಕ್ಕೆ ಸರಿಯಿತು, ಹಿಂದೆ ಕೌದಿ, ಕೌದಿಯ ಹಿಂದೆ ಜೀನು. ನಡುವೆ ಗಂಗುಬಾಯಿಯ ಬೆರಳು. ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು. "ಅಯ್ಯೋ ಯವ್ವಾ!" ಎಂದು ಕೈ ಎಳೆದುಕೊಂಡಳು. ಬೆರಳ ಗಂಟುಗಳು ಬೆಳ್ಳಗಾಗಿದ್ದವು. ಒತ್ತಿದ ಜಾಗಕ್ಕೆ ರಕ್ತವೇ ಹರಿದಿರಲಿಲ್ಲ, ಬೆವರು ಎಲ್ಲಿಂದ ಬಂದೀತು?

ಅವಳು ರೇಶ್ಮಾಳ ಮುಂದೆ ಹೋಗಿ ನಿಂತಳು. ಆ ದೊಡ್ಡ ಕಣ್ಣು ಅವಳನ್ನೇ ನೋಡುತ್ತಿತ್ತು. ಗಂಗುಬಾಯಿಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಅಷ್ಟು ನಾಚಿಕೆ ಆಗಿರಲಿಲ್ಲ.

"ಬಿಗಿ ಚಪ್ಪಲ್ದಾಗ ದಪ್ಪ ಕಾಲುಚೀಲ ಹಾಕ್ದಂಗ ಆಗೇತಿ," ಎಂದಳು ನಿಧಾನವಾಗಿ. "ಮೆತ್ತಗ ಮಾಡಾಕ ಹೋಗಿ ಇನ್ನಷ್ಟು ಬಿಗಿ ಮಾಡೀನಿ ನಾನು." ಆಮೇಲೆ ಮಗಳ ಕಡೆ ತಿರುಗಿದಳು. "ನಿನಗ ಗೊತ್ತಿತ್ತು."

ಸ್ನೇಹಲ್ ನೆಲ ನೋಡಿದಳು. "ಗೊತ್ತಿತ್ತು."

"ಅದಕ್ಕ ಅಗಲ ಜೀನು, ಅಗಲ ಜೀನು ಅಂತಿದ್ದಿ. ನನ್ನ ಕೌದಿಗೆ ಜಾಗಾ ಹುಡುಕ್ತಿದ್ದಿ?"

"ಹೂಂ."

"ನನ್ನ ಮನಸ್ಸು ನೋಯ್ಬಾರ್ದಂತ ಆ ಮೂಕ ಪ್ರಾಣೀನ ನೋಯ್ಸಿದೇನು?" ಗಂಗುಬಾಯಿಯ ದನಿ ಏರಿತು. ಸಿಟ್ಟು ಮಗಳ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ. "ನಾಳೆ ಆಕಿನ ಗುಡ್ಡಕ್ಕ ಅಟ್ಟೂರಿದ್ರು! ಒಂದು ಮಾತು ಹೇಳಾಕ ಏನಾಗಿತ್ತು? ಒಂದು ಕೌದಿ ಹಾಳಾಗಿ ಹೋಗ್ಲಿ!"

"ಕೌದಿ ಅಲ್ಲ ಅವ್ವಾ." ಸ್ನೇಹಲಳ ತಡವರಿಸುವ ಕನ್ನಡ ಆ ಹೊತ್ತಿಗೆ ಎಲ್ಲಿಂದಲೋ ನೆಟ್ಟಗಾಗಿ ಬಂತು. "ಇಷ್ಟು ವರ್ಷ ನೀ ಬರೇ ಬ್ಯಾಡ, ಬ್ಯಾಡ ಅಂತಿದ್ದಿ. ಕೌದಿ ಹೊಲಿದಾಗ ಮೊದಲನೇ ಸಲ ನೀ ಹೂಂ ಅಂದಂಗ ಆತು. ಅದನ್ನ ತಗದ್ರ ಮತ್ತ ಬ್ಯಾಡ ಅಂತಿ ಅಂತ ಹೆದರಿಕಿ ಬಂತು."

ಗಂಗುಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜೀನಿನ ಹೊಟ್ಟೆಪಟ್ಟಿಯನ್ನು ತಾನೇ ಬಿಚ್ಚಲು ಹೋಗಿ, ಬಾರದೆ, "ಬಿಚ್ಚಬೇ ಇದನ್ನ!" ಎಂದು ಗದರಿದಳು. ಸ್ನೇಹಲ್ ಬಿಚ್ಚಿದಳು. ಗಂಗುಬಾಯಿ ಕೌದಿಯನ್ನು ಎಳೆದು ಮಡಚಿ ಬೇಲಿಯ ಮೇಲೆ ಎಸೆದಳು. ಆಮೇಲೆ ಶುಭಾಂಗಿಗೆ ಕೈಮುಗಿದು, "ಏಕ್ ಬಾರ್ ಔರ್ ದೇಖೋ ಬೇಟಾ. ಘೋಡಿ ಕಾ ದೋಷ ನಹೀ ಹೈ. ಮೇರಾ ಹೈ," ಎಂದು ಕುದುರೆಯ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು.

ಶುಭಾಂಗಿ ತೆಳ್ಳನೆಯ ಒಂದು ಹತ್ತಿಯ ಹಾಸು ತಂದುಕೊಟ್ಟಳು. ಅದರ ಮೇಲೆ ಕಂದು ಜೀನು ಇಟ್ಟರು. ಸ್ನೇಹಲ್ ಹೆಗಲ ದಿಬ್ಬದ ಮೇಲೆ, ಜೀನಿನ ಕೆಳಗೆ ಬೆರಳಿಟ್ಟು ನೋಡಿದಳು, ಜಾಗ ಬೇಕಾದಷ್ಟಿತ್ತು. ಬೆನ್ನುಮೂಳೆಯ ಉದ್ದಕ್ಕೂ ಹಿಂದಿನಿಂದ ಬಗ್ಗಿ ನೋಡಿದಳು, ಬೆಳಕು ಹಾಯುತ್ತಿತ್ತು. ಗಂಗುಬಾಯಿ ಮತ್ತೆ ಭುಜದ ಹಿಂದೆ ಕೈ ತೂರಿಸಿದಳು. ಈ ಸಲ ಮೂಳೆ ಸರಿಯಿತು, ಬೆರಳು ತನ್ನಷ್ಟಕ್ಕೆ ತಾನು ಇತ್ತು.

ಸ್ನೇಹಲ್ ಹತ್ತಿದಳು. ರೇಶ್ಮಾ ಕಿವಿ ಆಡಿಸುತ್ತ, ನಂಬಲೋ ಬೇಡವೋ ಎಂಬಂತೆ ಒಂದು ಸುತ್ತು ನಡೆದಳು. ಓಡುನಡಿಗೆಗೆ ಬಂದಳು. ಆ ಮೂಲೆಯಲ್ಲಿ ಅವಳ ಹೆಜ್ಜೆ ತಡವರಿಸಿತು. ಸ್ನೇಹಲ್ ಒತ್ತಾಯ ಮಾಡಲಿಲ್ಲ. ಸೊಂಟ ಸಡಿಲ ಬಿಟ್ಟು ಕಾದಳು. ಆಗ ರೇಶ್ಮಾ ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟಳು, ಬೆನ್ನು ಮೇಲಕ್ಕೆ ತುಂಬಿ ಬಂತು, ಮುಂಗಾಲು ಭುಜದಿಂದಲೇ ಹೊರಟು ನೆಟ್ಟಗೆ ಮುಂದೆ ಚಾಚಿತು. ಇನ್ನೊಂದು ಚಾಚಿತು. ಅಂಗಳದ ಉದ್ದಕ್ಕೂ ಮಗಳೂ ಕುದುರೆಯೂ ಹಾಗೆಯೇ ತೇಲುತ್ತ ಹೋದರು.

ಶುಭಾಂಗಿ ಜೇಬಿನಿಂದ ಫೋನು ತೆಗೆದು ಮಾಥೇರಾನದವರಿಗೆ ಮರಾಠಿಯಲ್ಲಿ ನಾಲ್ಕು ಮಾತು ಹೇಳಿದಳು: ಕುದುರೆ ಕೊಡುವುದಿಲ್ಲ, ನಾಳೆ ಬರಬೇಡಿ.

ಗಂಗುಬಾಯಿ ಕೇಳಿಸಿಕೊಂಡಳು, ಆದರೆ ತಿರುಗಲಿಲ್ಲ. ಇಷ್ಟು ವರ್ಷ ಇದಕ್ಕೇ ಅಲ್ಲವೇ ಈ ಹುಡುಗಿ ನಸುಕಿನಲ್ಲಿ ಏಳುತ್ತಿದ್ದದ್ದು? ಅಡುಗೆಮನೆಯಲ್ಲಿ ಸೊಟ್ಟಗೆ ನಿಲ್ಲುವವಳು ಅಲ್ಲಿ ರಾಣಿಯಂತೆ ನೆಟ್ಟಗೆ ಕೂತಿದ್ದಳು. ಅಂಥ ಮಗಳನ್ನು ತಾನು ಈವರೆಗೆ ನೋಡಿಯೇ ಇರಲಿಲ್ಲ ಎಂದು ಅವಳಿಗೆ ಹಳಹಳಿಯಾಯಿತು, ಖುಷಿಯೂ ಆಯಿತು, ಕಣ್ಣಲ್ಲಿ ನೀರು ತುಂಬಿತು.

ಸ್ನೇಹಲ್ ಸುದ್ದಿ ತಿಳಿದು ಕುದುರೆಯನ್ನು ಬೇಲಿಯ ಹತ್ತಿರ ತಂದು ಇಳಿಯಲು ಕಾಲು ಎತ್ತಿದಳು. "ಅವ್ವಾ, ಮುಗೀತು. ಮನೀಗೆ ಹೋಗೂಣು ನಡಿ."

"ಕೂಡು," ಎಂದಳು ಗಂಗುಬಾಯಿ ಕಣ್ಣೊರೆಸಿಕೊಳ್ಳುತ್ತ. "ಇನ್ನೊಂದು ಸುತ್ತು ಹೊಡಿ. ನಾ ಇನ್ನೂ ನೋಡ್ಬೇಕು."