ರೊವೀನಾ ಹಾಕದ ರುಜು

ಆಸ್ಟ್ರೇಲಿಯದ ಹೋಬಾರ್ಟ್ ನಗರದ ರೊವೀನಾ ಟಿಲ್ಯಾರ್ಡ್ ಸಮುದ್ರದ ಅಳತೆ ಉಪಕರಣಗಳ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಬಿಡುವಿನಲ್ಲಿ ಇತರರ ಜೊತೆ ಮೂರು ವರ್ಷದಿಂದ ಪುಕ್ಕಟೆಯಾಗಿ ಇನ್ನೊಂದನ್ನು ಬರೆಯುತ್ತಿದ್ದಳು: ಉಬ್ಬರ ಇಳಿತದ ಹೊತ್ತು ಹೇಳುವ, ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶ. ದೋಣಿ ರಕ್ಷಣೆಯ ಸ್ವಯಂಸೇವಕರು ಅದನ್ನೇ ನಂಬಿ ನೀರಿಗಿಳಿಯುತ್ತಿದ್ದರು.

ಆ ಮಾರ್ಚಿನಲ್ಲಿ ಅದನ್ನು ವಹಿಸಿಕೊಳ್ಳಲು ಪ್ರತಿಷ್ಠಾನವೊಂದು ಮುಂದೆ ಬಂತು. ಬರೆದವರೆಲ್ಲ ‘ಇದು ನನ್ನದೇ, ಕೊಡುವ ಹಕ್ಕು ನನಗಿದೆ’ ಎಂದು ರುಜು ಹಾಕಬೇಕಿತ್ತು. ರೊವೀನಾ ಅದಕ್ಕೂ ಮುಂಚೆ ತನ್ನ ನೌಕರಿಯ ಕರಾರು ಹುಡುಕಿ ತೆಗೆದಳು. ಒಂಬತ್ತು ವರ್ಷದ ಹಿಂದೆ ಓದದೆ ಸಹಿ ಮಾಡಿದ್ದು. ಕಂಪನಿಯ ಕಸುಬಿಗೆ ಸಂಬಂಧಿಸಿದ್ದನ್ನು ನೌಕರರು ಎಲ್ಲಿ, ಯಾವಾಗ ಬರೆದರೂ ಅದು ಕಂಪನಿಯ ಸ್ವತ್ತು ಎಂದಿತ್ತು. ಉಬ್ಬರ ಇಳಿತವೂ ಆ ಕಸುಬಿಗೆ ಸೇರಿದ್ದೇ.

ತಂತ್ರಾಂಶ ಶುರುಮಾಡಿದ ನಿವೃತ್ತ ಮೇಷ್ಟ್ರು ಕ್ಲೈವ್‌ಗೆ ಫೋನ್ ಮಾಡಿದಳು.

“ಯಾರಮ್ಮ ಕೇಳ್ತಾರೆ? ಸುಮ್ನೆ ಗೀಚಿಬಿಡು,” ಎಂದ ಕ್ಲೈವ್.

“ಸುಳ್ಳಿಗೆ ಸೈನ್ ಹಾಕು ಅಂತೀಯಾ?”

“ಮೂರು ವರ್ಷದಿಂದ ಇಲ್ದಿರೋ ಸುಳ್ಳು ಈಗೆಲ್ಲಿಂದ ಬಂತು?”

“ಆಗ ನಂಗೆ ಗೊತ್ತಿರ್ಲಿಲ್ಲ ಕ್ಲೈವ್.”

ಮರುದಿನ ಮ್ಯಾನೇಜರ್ ಗ್ರೆಟಾ ಹತ್ತಿರ ಒಪ್ಪಿಗೆ ಪತ್ರ ಕೇಳಿದಳು. ಗ್ರೆಟಾಳ ಮುಖ ಸಪ್ಪಗಾಯಿತು. “ನೀನು ಕೇಳ್ದೇ ಇದ್ದಿದ್ರೆ ನಾನೂ ಕಣ್ಮುಚ್ಕೊಂಡು ಇರ್ತಿದ್ದೆ ಕಣೇ. ಈಗ ಮೇಲಕ್ಕೆ ಕಳಿಸ್ಲೇಬೇಕು.” ಹನ್ನೊಂದು ದಿನದ ಮೇಲೆ ಉತ್ತರ ಬಂತು: ಒಪ್ಪಿಗೆ ಇಲ್ಲ.

ಕ್ಲೈವ್ ಅವಳ ನಾಲ್ಕು ಸಾವಿರ ಸಾಲುಗಳನ್ನು ಕಿತ್ತುಹಾಕಿದ. ಆಮೇಲೆ ಇಬ್ಬರ ನಡುವೆ ಮಾತೂ ನಿಂತಿತು. ಅವಳದನ್ನು ಎಂದೂ ನೋಡಿರದ ಬರ್ನಿ ಊರಿನ ಇಬ್ಬರು ಆ ಭಾಗವನ್ನು ಹೊಸದಾಗಿ ಬರೆಯತೊಡಗಿದರು. ಅವರಿಗೆ ಅವಳು ಏನೂ ಹೇಳಿಕೊಡುವಂತಿರಲಿಲ್ಲ; ಹೇಳಿಕೊಟ್ಟರೆ ಅದೂ ಕಂಪನಿಯ ಸ್ವತ್ತಾಗುತ್ತಿತ್ತು. ಸ್ವಯಂಸೇವಕರು ಉಬ್ಬರ ಇಳಿತದ ಅಚ್ಚಾದ ಪಟ್ಟಿಗಳಿಗೆ ಮರಳಿದರು.

ಸೆಪ್ಟೆಂಬರಿನಲ್ಲಿ ಹೊಸದು ಬಂತು. ಪೈಪರ್ಸ್ ನದಿ ಕಡಲು ಸೇರುವಲ್ಲಿ ಅದು ಇಳಿತವನ್ನು ನಲವತ್ತು ನಿಮಿಷ ತಪ್ಪಾಗಿ ಹೇಳುತ್ತಿತ್ತು. ಹಿಂದೆ ಅದೇ ತಪ್ಪಿನೊಂದಿಗೆ ರೊವೀನಾ ಎರಡು ತಿಂಗಳು ಗುದ್ದಾಡಿದ್ದಳು. ಕಾರಣವನ್ನು ಬರೆದು, ಅಳಿಸಿ, ಕೊನೆಗೆ ಕ್ಲೈವ್‌ಗೆ ಫೋನ್ ಮಾಡಿದಳು.

“ಅಚ್ಚಿನ ಪಟ್ಟಿಗೂ ನಿಮ್ದಕ್ಕೂ ತಾಳೆ ಆಗ್ತಿಲ್ಲ. ಇಷ್ಟೇ ನಾನು ಹೇಳ್ಬಹುದು.”

“ಯಾಕೆ ಅಂತ ಗೊತ್ತಾ ನಿಂಗೆ?”

“ಗೊತ್ತು.”

“ಹೇಳೋ ಹಾಗಿಲ್ಲ, ಅಲ್ವಾ?”

“ಸರಿ ಮಾಡೋವರೆಗೂ ಆ ಜಾಗನ ತೆಗೆದಿಡು. ಯಾರಾದ್ರೂ ನಂಬಿ ಹೋದಾರು.”

ಅವನು ಅಂದೇ ತೆಗೆದ. ಬರ್ನಿಯವರಿಗೆ ಕಾರಣ ಹೊಳೆಯಲು ಐದು ವಾರ ಹಿಡಿಯಿತು. ತೆಗೆಯುವ ಮುಂಚಿನ ಪ್ರತಿಯನ್ನು ಯಾರಾದರೂ ಬಳಸುತ್ತಿದ್ದರೆ ಎಂದು, ಅಷ್ಟೂ ದಿನ ರೊವೀನಾ ಬೆಳಿಗ್ಗೆ ಎದ್ದ ಕೂಡಲೇ ಆ ನದಿಯ ಕಡೆಯ ಅಪಘಾತದ ಸುದ್ದಿಯೇನಾದರೂ ಇದೆಯೇ ಎಂದು ನೋಡುತ್ತಿದ್ದಳು. ಇರಲಿಲ್ಲ.

“ತಪ್ಪು ತೋರಿಸ್ದವಳು ಅಂತಾದ್ರೂ ನಿನ್ನ ಹೆಸರು ಹಾಕ್ಲಾ?” ಎಂದು ಕ್ಲೈವ್ ಕೇಳಿದ.

“ಮೊದ್ಲು ವಕೀಲ್ರನ್ನ ಕೇಳು,” ಎಂದಳು. ಅವನು ನಕ್ಕ. ಅವಳು ನಗಲಿಲ್ಲ.