ನಾರಾವಿಯ ತಿರುವಿನಲ್ಲಿ ತಾರೆ

ಮೂಡಬಿದ್ರೆಯಿಂದ ನಾರಾವಿ ಮಾರ್ಗವಾಗಿ ಬೆಳ್ತಂಗಡಿಗೆ ಹೋಗುವ ಬಸ್ಸನ್ನು ಧರ್ಣಪ್ಪ ಹನ್ನೆರಡು ವರ್ಷ ಓಡಿಸಿದ್ದ. ೧೯೯೮ರ ಜುಲೈಯಲ್ಲಿ ನಾರಾವಿಯ ಹತ್ತಿರದ ತಿರುವಿನಲ್ಲಿ ಬಸ್ಸು ಜಾರಿ ಹಲಸಿನ ಮರಕ್ಕೆ ಗುದ್ದಿತು. ಪ್ರಯಾಣಿಕರಿಗೆ ತರಚು ಗಾಯ ಮಾತ್ರ; ಧರ್ಣಪ್ಪನ ಬಲಗಾಲು ಮುರಿಯಿತು. ಡಿಸೆಂಬರಿಗೆ ಕಾಲೇನೋ ಸರಿಯಾಯಿತು. ಆದರೆ ಸ್ಟಿಯರಿಂಗ್ ಹಿಡಿದರೆ ಕೈ ಗಡಗಡ ನಡುಗುತ್ತಿತ್ತು. ಎರಡು ಸಲ ಡ್ರೈವರ್ ಸೀಟಿಗೆ ಹತ್ತಿದ, ಎರಡು ಸಲವೂ ಇಳಿದು ಬಂದ.

ಹೀಗೆ ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತಿರುವಾಗ ಪೇಮಾಳ ಪರಿಚಯವಾಯಿತು. ಬೈಲಕುಪ್ಪೆಯಿಂದ ಸ್ವೆಟರ್ ಮಾರಲು ಬಂದ ಟಿಬೆಟಿನ ಮುದುಕಿ. ಮೂಡಬಿದ್ರೆಯ ಸೆಕೆಗೆ ಸ್ವೆಟರ್ ಯಾರಿಗೆ ಬೇಕು? ಆಕೆ ಮಾತ್ರ ಬೇಸರವಿಲ್ಲದೆ ಜಪಮಣಿ ತಿರುಗಿಸುತ್ತ ಏನೋ ಗುನುಗುತ್ತಿದ್ದಳು.

"ಅದೆಂತ ಅಮ್ಮ ಹೇಳುವುದು?" ಧರ್ಣಪ್ಪ ಕೇಳಿದ.

"ತಾರಾದೇವಿ ಮಂತ್ರ. ಕಾಯಿಲೆಗೆ, ಹೆದರಿಕೆಗೆ, ದಾರಿಗೆ."

"ಹೇಳಿದ್ರೆ ಹೆದರಿಕೆ ಹೋಗ್ತದಾ?"

ಪೇಮಾ ನಕ್ಕಳು. "ಮಗೂನ ಬೆನ್ನಿಗೆ ಕಟ್ಕೊಂಡು, ಇದನ್ನ ಹೇಳ್ತಾ ಹಿಮದ ಬೆಟ್ಟ ದಾಟಿದೀನಿ. ಹೆದರಿಕೆನೂ ಜೊತೇಲೇ ಬಂತು. ಕಾಲು ಮಾತ್ರ ನಿಲ್ಲಲಿಲ್ಲ."

ಆ ಮಾತು ಧರ್ಣಪ್ಪನ ಮನಸ್ಸಿಗೆ ನಾಟಿತು. ಅಲ್ಲೇ ಕೂತು ಕಲಿತ: ಓಂ ತಾರೇ ತುತ್ತಾರೇ ತುರೇ ಸ್ವಾಹಾ.

ಮನೆಯಲ್ಲಿ ಅವನು "ತುತ್ತಾರೇ, ತುತ್ತಾರೇ" ಎಂದು ಉರು ಹೊಡೆಯುವುದು ಹೆಂಡತಿ ಕಾಂತಿಯ ಕಿವಿಗೆ ಬಿತ್ತು. ತುಳುವಿನಲ್ಲಿ ತುತ್ತರೆ ಎಂದರೆ ಉಡಲಿಕ್ಕೆ. ಅವಳು ಪೆಟ್ಟಿಗೆಯಿಂದ ಇಸ್ತ್ರಿ ಹಾಕಿದ ಖಾಕಿ ಅಂಗಿ ತಂದು ಮುಂದೆ ಹಿಡಿದಳು. "ತಕ್ಕೊಳ್ಳಿ, ಉಡಿ. ಎಷ್ಟು ಸಲ ಕೇಳುವುದು!" ಆರು ತಿಂಗಳಲ್ಲಿ ಮೊದಲ ಸಲ ಧರ್ಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು, ಅಂಗಿ ತೊಟ್ಟೇಬಿಟ್ಟ.

ಮರುದಿನ ಬೆಳಿಗ್ಗೆ ಎಂಟರ ಟ್ರಿಪ್ಪು. ಡ್ರೈವರ್ ಸೀಟಿಗೆ ಹತ್ತಿದ ಧರ್ಣಪ್ಪನ ತುಟಿ ಅಲ್ಲಾಡುವುದನ್ನು ಕಂಡು ಕಂಡಕ್ಟರ್ ಅಬ್ಬಾಸ್ ಬಾಗಿಲಲ್ಲಿ ನಿಂತು, "ನೀನು ನಿನ್ನದು ಹೇಳು ಮಾರಾಯ, ನಾನು ಬಿಸ್ಮಿಲ್ಲಾ ಹೇಳ್ತೇನೆ. ಹೋಗುವ," ಎಂದು ಸೀಟಿ ಊದಿದ.

ನಾರಾವಿ ಹತ್ತಿರವಾಯಿತು. ಅದೇ ಹಲಸಿನ ಮರ ಕಂಡಿತು, ಧರ್ಣಪ್ಪನ ಕೈ ನಡುಗತೊಡಗಿತು. ಮನಸ್ಸಿನಲ್ಲಿದ್ದ ಮಂತ್ರ ಅವನಿಗೆ ಗೊತ್ತಿಲ್ಲದೆ ಬಾಯಿಗೆ ಬಂದು ದೊಡ್ಡದಾಗಿ ಕೇಳಿಸಿತು. ಇಂಜಿನ್ ಬಾನೆಟ್ಟಿನ ಬದಿಯಲ್ಲಿ ಕೂತಿದ್ದ ಹೈಸ್ಕೂಲು ಹುಡುಗಿಯರು ಕಿಸಕ್ಕೆಂದರು. ಅವರಲ್ಲಿ ವಿಸ್ಮಿತಾ ಎಂಬವಳು ರಾಗವಾಗಿ, "ತಾರೇ ತುತ್ತಾರೇ" ಎಂದಳು. ಉಳಿದವರೂ ಸೇರಿದರು. ಹಿಂದಿನ ಸೀಟಿನವರು ಯಾವ ಭಜನೆಯೋ ಎಂದು ಚಪ್ಪಾಳೆ ತಟ್ಟಿದರು. ಧರ್ಣಪ್ಪ ಎರಡನೇ ಗೇರಿಗೆ ಇಳಿಸಿ, ಆ ತಾಳಕ್ಕೇ ಉಸಿರು ಬಿಡುತ್ತ ನಿಧಾನಕ್ಕೆ ಸ್ಟಿಯರಿಂಗ್ ತಿರುಗಿಸಿದ. ನಡುಕ ಇತ್ತು. ಆದರೂ ಬಸ್ಸು ತನ್ನ ಬದಿ ಬಿಡದೆ ತಿರುವು ದಾಟಿತು.

ಬೆಳ್ತಂಗಡಿಯಲ್ಲಿ ಅಬ್ಬಾಸ್ ಚಹಾ, ಗೋಳಿಬಜೆ ತರಿಸಿದ. "ಹೆದರಿಕೆ ಉಂಟಾ ಈಗಲೂ?"

"ಉಂಟು," ಎಂದ ಧರ್ಣಪ್ಪ, ಎರಡನೇ ಪ್ಲೇಟು ಹತ್ತಿರ ಎಳೆದುಕೊಂಡು. "ಆದ್ರೆ ಹಸಿವು ಅದಕ್ಕಿಂತ ಜೋರು ಉಂಟು."